ರ ಗ ಸ ದ ಅ

ನಾವು ಅಕ್ಷರ ಕಲಿಯುವಾಗ ಮೊದಲು ಎದುರಾಗುತ್ತಿದ್ದವನು ಅರಸ. ಅವನ ಹಿಂದೆ ಆನೆ, ಆನೆಯ ಹಿಂದೆ ಇಲಿ, ಹೀಗೆ ಗೋಡೆಯ ಪಟದಲ್ಲಿ ಒಂದು ಮೆರವಣಿಗೆಯೇ ಸಾಗುತ್ತಿತ್ತು. ಆ ಪಟ ಈಗಲೂ ಶಾಲೆಯ ಗೋಡೆಯ ಮೇಲಿದೆ. ಆದರೆ ಸರ್ಕಾರಿ ಶಾಲೆಯಲ್ಲಿ ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಗೆ ಹೋಗಿ ಒಂದು ಮೂಲೆಯಲ್ಲಿ ಕೂತರೆ ಕಿವಿಗೆ ಬೀಳುವ ಕ್ರಮವೇ ಬೇರೆ: ರ, ಗ, ಸ, ದ, ಅ. ತಲೆತಲಾಂತರದಿಂದ ಮುಂದಿನ ಸಾಲಿನಲ್ಲಿ ನಿಂತಿದ್ದ ‘ಅ’ ಇಲ್ಲಿ ಐದನೆಯದು. ಮೊದಲ ಸಲ ಕೇಳಿದ ಹಿರಿಯರಿಗೆ ಕಸಿವಿಸಿಯಾಗುತ್ತದೆ. ‘ಅಆಇಈ ಬಿಟ್ಟು ಇದೇನಿದು ರಗಸ?’ ಎಂದು ಹುಬ್ಬೇರಿಸುತ್ತಾರೆ. ನನಗೆ ಮಾತ್ರ ಈ ಐದು ಅಕ್ಷರಗಳ ಮೇಲೆ ಬಲು ಅಕ್ಕರೆ.

ಅಕ್ಕರೆಗೆ ಕಾರಣವಿದೆ. ಸ್ವರಗಳನ್ನೆಲ್ಲ ಕಲಿತು ಮುಗಿಸಿದ ಮಗುವಿನ ಬಳಿ 13 ಅಕ್ಷರಗಳಿರುತ್ತವೆ. ಅವನ್ನು ಹೇಗೆ ತಿರುಗಿಸಿ ಜೋಡಿಸಿದರೂ ಆ, ಈ, ಓ ಎನ್ನುವುದರ ಆಚೆಗೆ ಅದು ಹೆಚ್ಚೇನೂ ಓದಲಾರದು. ಕನ್ನಡದಲ್ಲಿ ಸ್ವರ ತನ್ನ ಪೂರ್ತಿ ರೂಪದಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಪದದ ಮೊದಲಲ್ಲಿ. ಒಳಗೆ ಹೋದ ಮೇಲೆ ಅದು ವ್ಯಂಜನಕ್ಕೆ ಅಂಟಿದ ಗುರುತಾಗಿ ಬಿಡುತ್ತದೆ. ಹಾಗಾಗಿ ಹಳೆಯ ಕ್ರಮದಲ್ಲಿ ಮಗು ವಾರಗಟ್ಟಲೆ ಬಾಯಿಪಾಠ ಮಾಡಿಯೂ ಒಂದು ಪದವನ್ನು ಓದುವ ಸುಖ ಕಾಣುತ್ತಿರಲಿಲ್ಲ. ರ, ಗ, ಸ, ದ, ಅ ಕಲಿತ ಮಗುವಿಗೆ ಸರ, ರಸ, ದರ, ಅರಸ, ಅಗಸ, ಸರಸರ, ಗರಗಸ ಎಲ್ಲವೂ ಒಟ್ಟಿಗೇ ಸಿಗುತ್ತವೆ. ಗರಗಸ ಎಂಬ ಅಷ್ಟು ದೊಡ್ಡ ಪದಕ್ಕೆ ಬೇಕಾದದ್ದು ಮೂರೇ ಅಕ್ಷರ. ಐದಾರು ವರ್ಷದ ಮಗುವಿಗೆ ಇದು ಸಣ್ಣ ಸಂಪತ್ತಲ್ಲ.

ನಮ್ಮೂರ ಶಾಲೆಯಲ್ಲಿ ಒಂದು ಮಳೆಗಾಲದ ಬೆಳಿಗ್ಗೆ ಈ ಗರಗಸವನ್ನು ಇಬ್ಬರು ಮಕ್ಕಳು ಓದಿದ್ದನ್ನು ಕೇಳಿದೆ. ಹುಡುಗ ಗಟ್ಟಿಯಾಗಿ, ಎಲ್ಲೂ ಎಡವದೆ ಓದಿ, ಸರಿಯಾಯಿತಾ ಎಂಬಂತೆ ಟೀಚರ ಮುಖ ನೋಡಿದ. ಅವರು ‘ಭೇಷ್’ ಎಂದರು. ಅವನು ಮುಂದಿನ ಪದಕ್ಕೆ ಹೋದ. ಹುಡುಗಿಯ ಓದು ನಿಧಾನ. ಗ... ರ... ಗ... ಸ... ಎಂದು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟಳು. ಕೊನೆಗೆ ನಾಲ್ಕನ್ನೂ ಒಳಗೊಳಗೇ ಕೂಡಿಸಿಕೊಂಡಳೋ ಏನೋ, ಒಮ್ಮೆಲೇ ತಲೆ ಎತ್ತಿ ‘ಗರಗಸ! ನಮ್ಮಪ್ಪಂದು ಎರಡೈತೆ ಟೀಚರ್!’ ಎಂದು ಕೂಗಿದಳು. ಬಡಗಿಯ ಮಗಳು. ಆಮೇಲೆ ಪಾಠ ನಿಂತೇ ಹೋಯಿತು. ದೊಡ್ಡ ಗರಗಸ ಯಾವುದಕ್ಕೆ, ಸಣ್ಣದು ಯಾವುದಕ್ಕೆ, ಹಲ್ಲು ಮೊಂಡಾದರೆ ಅಪ್ಪ ಅರದಿಂದ ಹೇಗೆ ಉಜ್ಜುತ್ತಾನೆ, ಉಜ್ಜುವಾಗ ಎಂಥ ಸದ್ದು ಬರುತ್ತದೆ ಎಂದೆಲ್ಲ ಅವಳು ಹೇಳಿದಳು. ಟೀಚರೂ ಅವಳನ್ನು ತಡೆಯಲಿಲ್ಲ. ಆ ಹುಡುಗನೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಅವನಿಗೆ ಗರಗಸ ಸಿಕ್ಕಿದ್ದು ಪುಸ್ತಕದಿಂದಲ್ಲ, ಈ ಹುಡುಗಿಯ ಮಾತಿನಿಂದ ಎಂದು ನನಗೆ ಅನಿಸಿತು.

ಇಬ್ಬರೂ ಓದಿದ್ದು ಅದೇ ನಾಲ್ಕು ಅಕ್ಷರ. ಆದರೆ ಒಂದು ಮಗುವಿನ ಕಿವಿಯಲ್ಲಿ ಆ ಪದ ಮೊದಲೇ ಮನೆ ಮಾಡಿತ್ತು. ಇನ್ನೊಂದರಲ್ಲಿ ಇರಲಿಲ್ಲ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು ಓದಿನ ಬಗ್ಗೆ ಒಂದು ಸರಳ ಸೂತ್ರ ಮಂಡಿಸಿದರು. ಅಕ್ಷರ ಬಿಡಿಸಿ ಹೇಳುವ ಶಕ್ತಿಯನ್ನು ಕೇಳಿದ ಮಾತನ್ನು ತಿಳಿಯುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದು ಎಂಬುದು ಅದರ ಸಾರ. ಅವರು ಎರಡನ್ನೂ ಕೂಡಿಸಿ ಎನ್ನಲಿಲ್ಲ, ಗುಣಿಸಿ ಎಂದರು. ಗುಣಾಕಾರದಲ್ಲಿ ಒಂದು ಕಡೆ ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ. ನಮ್ಮ ಲಿಪಿಯಲ್ಲಿ ಇದು ಇನ್ನೂ ಸ್ಪಷ್ಟ. ಕನ್ನಡ ಬಹುಮಟ್ಟಿಗೆ ಬರೆದಂತೆ ಓದುವ ಭಾಷೆ. ಅಕ್ಷರ, ಗುಣಿತ, ಒತ್ತು ಮೂರೂ ಕೈವಶವಾದ ಮಗು ಪತ್ರಿಕೆಯ ಸಂಪಾದಕೀಯವನ್ನು ಓದೀತು, ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಸ್ತೋತ್ರವನ್ನೂ ಓದೀತು. ಕೇಳಿದ ಹೆತ್ತವರಿಗೆ ಹೆಮ್ಮೆಯಾಗುತ್ತದೆ. ಮಗುವಿನೊಳಗೆ ಏನು ನಡೆಯಿತು ಎಂದು ಕೇಳುವವರು ಕಡಿಮೆ. ಚಿಕ್ಕ ಮಕ್ಕಳ ಓದಿನ ವಿಷಯದಲ್ಲಿ ನನ್ನ ನಂಬಿಕೆ ಒಂದೇ: ಅಕ್ಷರ ಕಲಿಸುವುದಕ್ಕೆ ಮುಂಚೆ, ಕಲಿಸುವಾಗ, ಕಲಿಸಿದ ಮೇಲೂ ಮಗುವಿಗೆ ಮಾತು ಬೇಕು. ಅದೂ ಧಾರಾಳವಾಗಿ ಬೇಕು.

ಮಾತು ಎಲ್ಲಿಂದ ಬರಬೇಕು? ಅಡುಗೆಮನೆಯಿಂದಲೇ ಶುರು ಮಾಡಬಹುದು. ಬಾಯಿ ಮಾಡುವ ಕೆಲಸಗಳಿಗೆ ಕನ್ನಡ ಎಷ್ಟೊಂದು ಹೆಸರು ಕೊಟ್ಟಿದೆ: ಉಣ್ಣುವುದು, ತಿನ್ನುವುದು, ಕುಡಿಯುವುದು, ಕಚ್ಚುವುದು, ಜಗಿಯುವುದು, ಚೀಪುವುದು, ನೆಕ್ಕುವುದು, ನುಂಗುವುದು, ಚಪ್ಪರಿಸುವುದು, ಮುಕ್ಕುವುದು. ಒಂದು ಮಾವಿನ ಹಣ್ಣನ್ನು ಮಗುವಿನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತರೆ ಇವುಗಳಲ್ಲಿ ಅರ್ಧ ಮಾತುಗಳಿಗೆ ಅಲ್ಲೇ ಜಾಗ ಸಿಗುತ್ತದೆ. ತೊಟ್ಟು ಕಚ್ಚಿ ತೆಗೆ, ಸೊನೆ ತುಟಿಗೆ ತಾಗೀತು, ಮೆಲ್ಲಗೆ ಚೀಪು, ಗೊರಟೆ ನುಂಗಬೇಡ, ಮೊಣಕೈಗೆ ಇಳಿದ ರಸ ನೆಕ್ಕು. ಒಲೆಯ ಮುಂದೆ ನಿಂತರೆ ಬೇಳೆ ಬೇಯುತ್ತದೆ, ಸಾರು ಕುದಿಯುತ್ತದೆ, ಹಾಲು ಉಕ್ಕುತ್ತದೆ, ಒಗ್ಗರಣೆ ಸಿಡಿಯುತ್ತದೆ, ಹೆಸರುಕಾಳು ಹುರಿಯುತ್ತೇವೆ, ಹಪ್ಪಳ ಕರಿಯುತ್ತೇವೆ, ಕಾವಲಿಯ ಮೇಲೆ ದೋಸೆ ಹೊಯ್ದು ಮಗುಚುತ್ತೇವೆ. ಇದನ್ನೆಲ್ಲ ಪಟ ತೋರಿಸಿ ಕಲಿಸಲು ಹೊರಟರೆ ವರ್ಷ ಸಾಲದು. ಬಿಸಿ ತಾಗದಷ್ಟು ದೂರದಲ್ಲಿ ಒಂದು ಮಣೆ ಹಾಕಿ ಮಗುವನ್ನು ಕೂರಿಸಿಕೊಂಡರೆ ದಿನನಿತ್ಯದ ಅಡುಗೆಯಲ್ಲೇ ಕಲಿತು ಹೋಗುತ್ತದೆ.

ಮಲೆನಾಡಿನ ನಮ್ಮ ಮನೆಗಳಲ್ಲಿ ಅಡಕೆ ಕೊಯ್ಲಿನ ಕಾಲ ಬಂತೆಂದರೆ ಮಕ್ಕಳ ಬಾಯಲ್ಲಿ ಹೊಸ ಮಾತುಗಳ ಸುಗ್ಗಿ. ಗೊನೆ, ದೋಟಿ, ಹಾಳೆ, ಸೋಗೆ, ಚಪ್ಪರ, ಹೆಡಿಗೆ ಇವನ್ನು ಯಾರೂ ಪಾಠವೆಂದು ಹೇಳಿಕೊಡುವುದಿಲ್ಲ. ಹಾಳೆಯ ಮೇಲೆ ಕೂತು ಇನ್ನೊಬ್ಬರಿಂದ ಎಳೆಸಿಕೊಳ್ಳುವ ಮಗು ಹಾಳೆ ಎಂದರೇನು ಎಂದು ಕೇಳಬೇಕಾಗಿಲ್ಲ. ಬಯಲುಸೀಮೆಯ ಮಗುವಿಗೆ ಇದೇ ಸಂಪತ್ತು ಕಣದಲ್ಲಿ ಸಿಗುತ್ತದೆ, ಕರಾವಳಿಯ ಮಗುವಿಗೆ ಬಲೆ ಎಳೆಯುವ ದಡದಲ್ಲಿ. ಬೆಂಗಳೂರಿನ ಹತ್ತನೆಯ ಮಹಡಿಯ ಮನೆಯಲ್ಲೂ ಮಾತಿಗೆ ಬರವಿಲ್ಲ. ತರಕಾರಿ ಬಿಡಿಸುವಾಗ, ಬಟ್ಟೆ ಹಿಂಡಿ ಕೊಡವಿ ಒಣಹಾಕುವಾಗ, ಲಿಫ್ಟಿನಲ್ಲಿ ಇಳಿಯುವಾಗ ಹೇಳಲು ಏನಾದರೂ ಇದ್ದೇ ಇರುತ್ತದೆ. ಹೇಳುವ ಮನಸ್ಸು ಮತ್ತು ಹೇಳುವ ಹೊತ್ತು ಎರಡೂ ಕಡಿಮೆಯಾಗಿವೆ ಎಂಬುದೇ ನನ್ನ ಕೊರಗು. ಚಿಕ್ಕ ಮಕ್ಕಳೊಂದಿಗೆ ದೊಡ್ಡವರು ಆಡುವ ಮಾತಿಗೆ ಒಂದು ದಿನ ಸುಮ್ಮನೆ ಕಿವಿಗೊಟ್ಟು ನೋಡಿ. ಬಾ, ಬೇಡ, ಮುಟ್ಟಬೇಡ, ಬೇಗ ತಿನ್ನು, ಮಲಕ್ಕೊ. ಇವು ಅಪ್ಪಣೆಗಳು. ಅಪ್ಪಣೆಗೆ ಮಗು ತಲೆಯಾಡಿಸಿದರೆ ಸಾಕು, ಮಾತಾಡಬೇಕಾಗಿಲ್ಲ.

ಅಮೆರಿಕದ ಕಾನ್ಸಸ್‌ನಲ್ಲಿ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಎಂಬವರು 42 ಕುಟುಂಬಗಳ ಮನೆಗೆ ವರ್ಷಗಟ್ಟಲೆ ಹೋಗಿ, ಪುಟ್ಟ ಮಕ್ಕಳ ಕಿವಿಗೆ ಎಷ್ಟು ಮಾತು ಬೀಳುತ್ತದೆ ಎಂದು ದಾಖಲಿಸಿ 1995ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಬಡವರ ಮನೆಯ ಮಕ್ಕಳು ಕೇಳುವ ಪದಗಳು ತೀರ ಕಡಿಮೆ ಎಂಬ ಅವರ ತೀರ್ಮಾನ ಜಗತ್ತೆಲ್ಲ ಹರಡಿತು. ಮುಂದೆ ಬೇರೆ ಸಂಶೋಧಕರು ಅದನ್ನು ಒರೆಗೆ ಹಚ್ಚಿದರು. ತಾಯಿಯೊಬ್ಬಳ ಮಾತನ್ನಷ್ಟೇ ಯಾಕೆ ಎಣಿಸಬೇಕು, ಅಜ್ಜಿ, ಅಕ್ಕ, ಪಕ್ಕದ ಮನೆಯವರು ಆಡುವುದನ್ನೂ, ದೊಡ್ಡವರು ತಮ್ಮತಮ್ಮಲ್ಲಿ ಮಾತಾಡುವಾಗ ಮಗು ಕೇಳಿಸಿಕೊಳ್ಳುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರ ಬದಲಾಗುತ್ತದೆ ಎಂದರು. ಕೂಡುಕುಟುಂಬದ ಜಗಲಿ ಕಂಡ ನಮಗೆ ಈ ಮಾತು ಕೂಡಲೇ ಮನಸ್ಸಿಗೆ ಹತ್ತುತ್ತದೆ. ದೊಡ್ಡವರ ಸುದ್ದಿ ಕೇಳುತ್ತ ಕಂಬ ತಬ್ಬಿ ನಿಂತ ಮಕ್ಕಳೇ ಅಲ್ಲವೇ ನಾವೆಲ್ಲ? ಎಂಐಟಿಯ ಸಂಶೋಧಕರು 2018ರಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳ ಬಗ್ಗೆ ಪ್ರಕಟಿಸಿದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಎಷ್ಟು ಪದ ಕಿವಿಗೆ ಬಿತ್ತು ಎಂಬುದಕ್ಕಿಂತ, ದೊಡ್ಡವರು ಮತ್ತು ಮಗು ಎಷ್ಟು ಸಲ ಸರದಿಯಂತೆ ಮಾತು ಕೊಟ್ಟು ತೆಗೆದುಕೊಂಡರು ಎಂಬುದಕ್ಕೇ ಮಗುವಿನ ಭಾಷಾಶಕ್ತಿಯೊಡನೆ ಹತ್ತಿರದ ನಂಟು ಕಂಡಿತು.

ಆ ಕೊಡು-ಕೊಳ್ಳುವಿಕೆಯ ಚಂದ ನನ್ನ ಅಕ್ಕನ ಮನೆಯಲ್ಲಿ ಕಾಣಬೇಕು. ಒಂದು ದಿನ ಗೋಡೆಯ ಮೇಲೆ ಬಾಲ ಕಳೆದುಕೊಂಡ ಹಲ್ಲಿಯೊಂದಿತ್ತು.

‘ಅಮ್ಮಮ್ಮ, ಹಲ್ಲಿ ಬಾಲ ಎಲ್ಲಿ ಹೋಯ್ತು?’ ಮೊಮ್ಮಗಳು ಕೇಳಿದಳು.

‘ನೀನೇ ಹೇಳು ಪುಟ್ಟಿ, ಎಲ್ಲಿಗೆ ಹೋಗಿರಬಹುದು?’

‘ಪೇಟೆಗೆ.’

‘ಪೇಟೆಗೆ ಎಂತಕ್ಕೆ?’

‘ಹಲ್ಲಿ ಹುಡುಕಕ್ಕೆ.’

ಅಲ್ಲಿಂದ ಕತೆ ಬೆಳೆಯಿತು. ಬಾಲ ಬಸ್ಸು ಹತ್ತಿತು. ಕಂಡಕ್ಟರು ಅರ್ಧ ಟಿಕೆಟು ಕೊಟ್ಟ. ಪೇಟೆಯಲ್ಲಿ ಬೇರೆ ಬೇರೆ ಹಲ್ಲಿಗಳು ‘ನಿನ್ನ ಅಳತೆ ನಮಗೆ ಆಗುವುದಿಲ್ಲ’ ಎಂದವು. ಅಕ್ಕ ಒಂದು ವಾಕ್ಯ ಹೇಳಿದರೆ ಮಗು ಇನ್ನೊಂದು ಹೇಳುತ್ತಿತ್ತು. ಅಳತೆ, ಅರ್ಧ, ಬೇರೆ, ವಾಪಸು ಎಂಬ ಮಾತುಗಳು ನಡುವೆ ಬಂದವು. ಮಗು ಯಾವುದರ ಅರ್ಥವನ್ನೂ ಕೇಳಲಿಲ್ಲ, ಕತೆಯೇ ಅದನ್ನು ತಿಳಿಸಿಕೊಟ್ಟಿತು. ಅಕ್ಕ ಯಾವ ಸಂಶೋಧನೆಯನ್ನೂ ಓದಿದವಳಲ್ಲ. ಮಗು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ಮುಗಿಸದೆ, ಅದನ್ನು ಮಗುವಿನ ಕಡೆಗೇ ಹೊರಳಿಸುವ ಜಾಣ್ಮೆ ಅವಳಿಗೆ ನಮ್ಮ ಅಮ್ಮನಿಂದ ಬಂದದ್ದು.

ಮಾತಿನ ಅರ್ಥದ ಜೊತೆಗೆ ಮಾತಿನ ಸದ್ದೂ ಮುಖ್ಯ. ಮಳೆ ಜಿಟಿಜಿಟಿ, ಹೊಳೆ ಜುಳುಜುಳು, ಹಲಸು ಧೊಪ್ಪನೆ, ಹಾವು ಸರಸರ, ರೊಟ್ಟಿ ಗರಿಗರಿ. ಕನ್ನಡದ ಅನುಕರಣ ಪದಗಳು ಮಕ್ಕಳಿಗಾಗಿಯೇ ಹುಟ್ಟಿದಂತಿವೆ. ಮಕ್ಕಳು ತಾವಾಗಿ ಕಟ್ಟಿಕೊಳ್ಳುವ ಆಟಗಳಲ್ಲೂ ಸದ್ದಿನ ಪಾಠ ಅಡಗಿದೆ. ‘ಕ’ ಭಾಷೆ ನೆನಪಿದೆಯೇ? ಪ್ರತಿ ಅಕ್ಷರದ ಹಿಂದೆ ಒಂದು ‘ಕ’ ಸೇರಿಸಿ, ದೊಡ್ಡವರಿಗೆ ತಿಳಿಯದ ಹಾಗೆ ಬಡಬಡ ಮಾತಾಡುವ ಆಟ. ಹಾಗೆ ಮಾತಾಡಬೇಕಾದರೆ ಪ್ರತಿ ಪದವನ್ನೂ ಮನಸ್ಸಿನಲ್ಲೇ ಅಕ್ಷರ ಅಕ್ಷರವಾಗಿ ಒಡೆಯಬೇಕು, ಅದೂ ಕ್ಷಣಾರ್ಧದಲ್ಲಿ. ಅಂತ್ಯಾಕ್ಷರಿಯೂ ಅಂಥದ್ದೇ. ಹಾಡಿನ ಕೊನೆಯ ಅಕ್ಷರವನ್ನು ಕಿವಿಯಿಂದಲೇ ಹಿಡಿದು, ಅದರಿಂದ ಶುರುವಾಗುವ ಇನ್ನೊಂದು ಹಾಡನ್ನು ನೆನಪಿನ ಕಣಜದಿಂದ ಎಳೆಯಬೇಕು. ಪದವನ್ನು ಒಡೆಯುವುದು, ಕೂಡಿಸುವುದು, ತುಂಡನ್ನು ಗುರುತಿಸುವುದು ಈ ಮೂರು ಕೆಲಸಗಳೇ ಓದಿನ ಅಡಿಪಾಯ. ಅಕ್ಷರ ಬಾರದ ಮಗುವೂ ಅವನ್ನು ಅಂಗಳದಲ್ಲಿ ಆಡುತ್ತ ಕಲಿಯಬಲ್ಲದು. ಬಸ್ಸಿನ ಪಯಣದಲ್ಲಿ ಮಗುವಿಗೆ ಮೊಬೈಲು ಕೊಡುವ ಬದಲು ‘ಪ ಇಂದ ಶುರುವಾಗೋ ತಿಂಡಿ ಹೇಳು ನೋಡೋಣ’ ಎಂದರೆ ಊರು ಬರುವ ತನಕ ಆಟ ನಡೆಯುತ್ತದೆ. ಪೂರಿ, ಪಾಯಸ, ಪಕೋಡ, ಪಡ್ಡು. ಹಿಂದಿನ ಸೀಟಿನವರೂ ಸೇರಿಕೊಂಡಾರು.

ಈಗ ಲಿಪಿಯ ವಿಷಯಕ್ಕೆ ಬರುತ್ತೇನೆ. ಕನ್ನಡ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಇಷ್ಟು ಕಲಿತರೆ ಮುಗಿಯಿತೇ? ಇಲ್ಲ, ಈಗಷ್ಟೇ ಶುರು. ಒಂದೊಂದು ವ್ಯಂಜನವೂ ಕಾಗುಣಿತದಲ್ಲಿ 15 ರೂಪ ತಾಳುತ್ತದೆ. 34 ವ್ಯಂಜನಗಳಿಗೆ 510 ರೂಪ. ಆಮೇಲೆ ಒತ್ತಕ್ಷರಗಳ ಸೈನ್ಯ. ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರುಸುಳಿ, ಏತ್ವ, ಐತ್ವ, ಓತ್ವ, ಔತ್ವ ಎಂದು ನಾವು ರಾಗವಾಗಿ ಒಪ್ಪಿಸುತ್ತಿದ್ದ ಆ ಹೆಸರುಗಳೇ ಎಷ್ಟು ಚಂದ. ಆದರೆ ಪ್ರತಿ ಗುರುತೂ ಎಲ್ಲ ಅಕ್ಷರದ ಜೊತೆ ಒಂದೇ ಥರ ನಡೆದುಕೊಳ್ಳುವುದಿಲ್ಲ. ‘ಕ’ಕ್ಕೆ ಬಲಗಡೆ ಅಂಟುವ ಕೊಂಬು ‘ಪ’ ‘ವ’ಗಳಿಗೆ ಕೆಳಗಿನಿಂದ ಸುತ್ತಿಕೊಂಡು ಬರಬೇಕು. ‘ವ’ಕ್ಕೂ ಬಲಗಡೆಯೇ ಹಚ್ಚಿದರೆ ಅದು ‘ಮ’ ಆಗಿಬಿಡುತ್ತದೆ. ‘ಸೂರ್ಯ’ ಎನ್ನುವಾಗ ರಕಾರ ಮೊದಲು ಕೇಳುತ್ತದೆ, ಅರ್ಕಾವೊತ್ತಿನ ಗುರುತು ಮಾತ್ರ ಯಕಾರದ ಬೆನ್ನಿಗೆ ಬಂದು ಕೂರುತ್ತದೆ. ಅಲ್ಲಿಯವರೆಗೆ ಎಡದಿಂದ ಬಲಕ್ಕೆ ಸಾಗುತ್ತಿದ್ದ ಮಗು ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಹಿಂದಕ್ಕೆ ಬರಬೇಕು. ದ ಮತ್ತು ಧ, ಡ ಮತ್ತು ಢ ನಡುವಿನ ವ್ಯತ್ಯಾಸ ಹೊಕ್ಕುಳ ಸೀಳಿದ ಒಂದು ಸಣ್ಣ ಗೀಟಿನಷ್ಟು.

ಬೆಂಗಳೂರಿನಲ್ಲಿ ಕೆಲಸ ಮಾಡಿದ ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಅಕ್ಷರ ಕಲಿಕೆಯ ವೇಗವನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಇಂಗ್ಲಿಷಿನ ಅಕ್ಷರಗಳನ್ನು ಕಲಿಯಲು ಮಕ್ಕಳಿಗೆ ಹಿಡಿಯುವ ಕಾಲಕ್ಕಿಂತ ಕನ್ನಡದ ಅಕ್ಷರರೂಪಗಳನ್ನು ಕಲಿಯಲು ಬಹಳ ಹೆಚ್ಚು ಕಾಲ ಬೇಕು, ಆ ಕಲಿಕೆ ಒಂದನೆಯ ತರಗತಿಗೆ ಮುಗಿಯದೆ ಮುಂದಿನ ತರಗತಿಗಳಲ್ಲೂ ಸಾಗುತ್ತದೆ ಎಂಬುದು ಅದರಿಂದ ಗೊತ್ತಾಗುತ್ತದೆ. ಈ ಒಂದು ಸಂಗತಿಯನ್ನು ಪ್ರತಿ ತಾಯಿತಂದೆಗೂ ಕೂರಿಸಿ ಹೇಳಬೇಕು ಎಂದು ನನಗೆ ಆಸೆ. ಎರಡನೆಯ ತರಗತಿಯ ಮಗು ‘ಕೃಷ್ಣ’ ಎಂಬ ಪದದ ಮುಂದೆ ನಿಂತು ತಡವರಿಸಿದರೆ ಅದು ದಡ್ಡತನವಲ್ಲ. ನೂರಾರು ರೂಪಗಳ ಕಾಡಿನಲ್ಲಿ ಅದು ತನ್ನ ದಾರಿ ಮಾಡಿಕೊಳ್ಳುತ್ತಿದೆ. ‘ಪಕ್ಕದ ಮನೆಯವನಿಗೆ ಆಗಲೇ ಇಂಗ್ಲಿಷ್ ರೈಮ್ಸ್ ಬರುತ್ತೆ, ನಿಂಗೆ ಒತ್ತಕ್ಷರಾನೇ ಬರಲ್ಲ’ ಎಂಬ ಮಾತು ಆ ಹೊತ್ತಿನಲ್ಲಿ ಬಿದ್ದರೆ ಮಗು ದಾರಿ ಹುಡುಕುವುದನ್ನೇ ನಿಲ್ಲಿಸುತ್ತದೆ. ಆ ವರ್ಷಗಳಲ್ಲಿ ಅದಕ್ಕೆ ಬೇಕಾದದ್ದು ಕಾಲಾವಕಾಶ, ಮತ್ತು ಓದುವ ಆಸೆ ಬತ್ತದಂತೆ ಕಾಯುವ ಯಾರಾದರೊಬ್ಬರು.

ಆಸೆ ಬತ್ತದಿರಬೇಕಾದರೆ ಮಗು ತಾನು ಓದಲಾಗದ ಪುಸ್ತಕವನ್ನು ಬೇರೆಯವರ ಬಾಯಿಂದ ಕೇಳುತ್ತಿರಬೇಕು. ತೊಡೆಯ ಮೇಲೆ ಮಗು, ಮಗುವಿನ ಕೈಯಲ್ಲಿ ಪುಟ, ನಮ್ಮ ಬೆರಳು ಸಾಲಿನ ಕೆಳಗೆ. ಪುಸ್ತಕದ ಕನ್ನಡ ಮನೆಯ ಕನ್ನಡದಂತಿರುವುದಿಲ್ಲ. ಮನೆಯಲ್ಲಿ ‘ಬಂದ’, ಪುಸ್ತಕದಲ್ಲಿ ‘ಬಂದನು’. ಮನೆಯಲ್ಲಿ ‘ಹೋಗ್ತೀನಿ’ಯೋ ‘ಹೊಕ್ಕೀನಿ’ಯೋ, ಪುಸ್ತಕದಲ್ಲಿ ‘ಹೋಗುತ್ತೇನೆ’. ಓದಿ ಹೇಳುವ ಅಜ್ಜನ ದನಿಯಲ್ಲಿ ಆ ರೂಪಗಳನ್ನು ಕೇಳಿ ಬೆಳೆದ ಮಗು ಮುಂದೆ ತಾನೇ ಓದುವಾಗ ಅವುಗಳನ್ನು ಹಳೆಯ ಪರಿಚಯದವರಂತೆ ಕಾಣುತ್ತದೆ. ಅಮೆರಿಕದಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಚಿತ್ರಪುಸ್ತಕ ಓದುವಾಗ ಸುಮ್ಮನೆ ಓದಿಕೊಂಡು ಹೋಗದೆ, ‘ಇವನು ಏನು ಮಾಡ್ತಿದ್ದಾನೆ?’ ‘ಯಾಕಿರಬಹುದು?’ ಎಂದು ಕೇಳುತ್ತ, ಮಗು ಹೇಳಿದ್ದಕ್ಕೆ ಇನ್ನೊಂದು ಮಾತು ಸೇರಿಸುತ್ತ ಹೋಗಲು ತಾಯಿತಂದೆಯರಿಗೆ ಹೇಳಿಕೊಟ್ಟರು. ಒಂದು ತಿಂಗಳಲ್ಲೇ ಆ ಮಕ್ಕಳ ಮಾತು ಉಳಿದ ಮಕ್ಕಳಿಗಿಂತ ಎದ್ದು ಕಾಣುವಷ್ಟು ಮುಂದೆ ಹೋಗಿತ್ತು. ಹಲ್ಲಿಯ ಬಾಲವನ್ನು ಪೇಟೆಗೆ ಕಳಿಸಿದ ಅಕ್ಕ ಮಾಡಿದ್ದೂ ಅದೇ.

ಓದಿ ಹೇಳಲು ಕನ್ನಡದಲ್ಲಿ ಏನಿದೆ ಎಂದು ಕೇಳುವವರಿಗೆ ಪಂಜೆ ಮಂಗೇಶರಾಯರ ಹೆಸರು ಹೇಳುತ್ತೇನೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ, ಶಾಲೆಗಳ ಇನ್ಸ್‌ಪೆಕ್ಟರರಾಗಿ ದಕ್ಷಿಣ ಕನ್ನಡದ ಊರೂರು ಕಂಡ ಅವರು ಮಕ್ಕಳಿಗಾಗಿ ಹಾಡು, ಕತೆ ಬರೆದರು. ಶಾಲೆಗೆ ಬರುವ ಇನ್ಸ್‌ಪೆಕ್ಟರರೆಂದರೆ ಮಕ್ಕಳು ಹೆದರುತ್ತಿದ್ದ ಕಾಲದಲ್ಲಿ ಆ ಹುದ್ದೆಯಲ್ಲಿದ್ದವರೊಬ್ಬರು ಮಕ್ಕಳಿಗೆ ಹಾವಿನ ಮೇಲೆ, ಗಾಳಿಯ ಮೇಲೆ ಹಾಡು ಕಟ್ಟಿಕೊಟ್ಟರು. ಆಮೇಲೆ ಜಿ.ಪಿ. ರಾಜರತ್ನಂ ಬಂದರು. ಅವರ ಮಕ್ಕಳ ಪದ್ಯಗಳಲ್ಲಿ ಪದಗಳು ಪುಟ್ಟವು, ಪ್ರಾಸ ಗಟ್ಟಿ. ಕುವೆಂಪು ಇಂಗ್ಲಿಷಿನ ಕವಿ ಬ್ರೌನಿಂಗನ ಕಿಂದರಿಜೋಗಿಯನ್ನು ಬೊಮ್ಮನಹಳ್ಳಿಗೆ ಕರೆತಂದರು. ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ತಂದರು. ಮಕ್ಕಳಿಗೆ ಲೋಕಜ್ಞಾನ ಕನ್ನಡದಲ್ಲೇ ಸಿಗಬೇಕು ಎಂಬ ಹಟದಿಂದ ಒಬ್ಬರೇ ಕೂತು ಮಾಡಿದ ಕೆಲಸ ಅದು. ನಮ್ಮ ದೊಡ್ಡ ಬರಹಗಾರರು ಮಕ್ಕಳ ಸಾಹಿತ್ಯವನ್ನು ಬಿಡುವಿನ ಕೆಲಸವೆಂದು ತಿಳಿದವರಲ್ಲ. ಇಂದಿನ ಮಕ್ಕಳಿಗೂ ಕನ್ನಡದಲ್ಲಿ ಬಣ್ಣಬಣ್ಣದ ಚಿತ್ರಪುಸ್ತಕಗಳಿವೆ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಅಂಥ ಪುಸ್ತಕ ತರುತ್ತಿದೆ. 2015ರಲ್ಲಿ ಅವರು ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕತೆಗಳನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು. ಒಂದು ಪುಟಕ್ಕೆ ಒಂದೇ ಸಾಲು ಇರುವ ಪುಸ್ತಕಗಳೂ ಅಲ್ಲಿವೆ.

ಪಂಜೆಯವರ ಮನೆಮಾತು ಕೊಂಕಣಿ. ಮಾಸ್ತಿಯವರದು ತಮಿಳು, ಬೇಂದ್ರೆಯವರದು ಮರಾಠಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಮನೆಯಲ್ಲಿ ಬೇರೆ ಮಾತಾಡುವ ಮಗು ಕನ್ನಡ ಓದಲು ಹಿಂದೆ ಬೀಳುತ್ತದೆ ಎಂದು ಯಾರಾದರೂ ಹೇಳಿದಾಗ ನಾನು ಈ ಹೆಸರುಗಳನ್ನು ಎಣಿಸುತ್ತೇನೆ. ತೊಡಕು ಇಲ್ಲವೆಂದಲ್ಲ. ತಾಂಡಾದಿಂದ ಬರುವ ಲಂಬಾಣಿ ಮಗುವಿಗೆ, ಉರ್ದು ಮಾತಾಡುವ ಮನೆಯ ಮಗುವಿಗೆ, ಹಾಡಿಯ ಮಗುವಿಗೆ ಒಂದನೆಯ ತರಗತಿಯ ಪುಸ್ತಕದ ಪದಗಳು ಕಿವಿಗೇ ಹೊಸವು. ಗರಗಸ ಓದಿದ ಹುಡುಗನ ಪಾಡು ಅವರಿಗೆ ಪ್ರತಿ ಸಾಲಿನಲ್ಲೂ. ಆದರೆ ಕನ್ನಡವೇ ಮನೆಮಾತಾದ ಮಕ್ಕಳಿಗೂ ಹೀಗಾಗುತ್ತದೆ. ಹಳೆಯ ಮೈಸೂರಿನ ಕಡೆಯ ಎಷ್ಟೋ ಮನೆಗಳಲ್ಲಿ ಹಾಲು ‘ಆಲು’, ಹಸು ‘ಅಸು’. ಆ ಮಗು ‘ಹಾಲು’ ಎಂಬ ಅಕ್ಷರ ನೋಡಿ ‘ಆಲು’ ಎಂದು ಓದಿದರೆ ಅದಕ್ಕೆ ಓದು ಬಂದಿದೆ ಎಂದೇ ಅರ್ಥ. ಅಕ್ಷರ ನೋಡಿ, ತನ್ನ ಮನೆಯ ಹಾಲನ್ನು ಗುರುತಿಸಿ, ತನ್ನ ಅವ್ವನ ಬಾಯಲ್ಲಿ ಅದನ್ನು ಹೇಳಿದೆ. ಅಲ್ಲಿ ನಗುವವರು ಮಗುವಿನ ನಾಲಿಗೆಯನ್ನು ತಿದ್ದುವುದಿಲ್ಲ, ಬಾಯಿ ಮುಚ್ಚಿಸುತ್ತಾರೆ. ನಾನು ಕಂಡ ಒಳ್ಳೆಯ ಟೀಚರುಗಳು ಹಾಗೆ ಮಾಡುವುದಿಲ್ಲ. ‘ನಿಮ್ಮನೇಲಿ ಇದಕ್ಕೆ ಏನಂತೀರಿ?’ ಎಂದು ಕೇಳಿ, ಮಗುವಿನ ಪದವನ್ನು ಬೋರ್ಡಿನ ಮೇಲೆ ಬರೆದು, ಅದರ ಪಕ್ಕದಲ್ಲಿ ಪುಸ್ತಕದ ಪದವನ್ನು ಬರೆಯುತ್ತಾರೆ. ತನ್ನ ಮನೆಯ ಮಾತು ಬೋರ್ಡಿನ ಮೇಲೆ ಬಂದದ್ದನ್ನು ಕಂಡ ಮಗು ಎರಡನ್ನೂ ಓದುತ್ತದೆ.

ಇಂಥ ಕೆಲಸ ಮಾಡುವವರ ಬಗ್ಗೆ ನನಗೆ ಅಪಾರ ಗೌರವ. ಮೈಸೂರು ಜಿಲ್ಲೆಯ ಎರಡು ತಾಲ್ಲೂಕುಗಳಿಗೆ ಈ ವಿಷಯದಲ್ಲಿ ಕನ್ನಡನಾಡು ಋಣಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದಕ್ಕೆ ನೆಲೆ ಸಿಕ್ಕಿದ್ದು ತಿ. ನರಸೀಪುರದಲ್ಲಿ. 1995ರಲ್ಲಿ 'ನಲಿ-ಕಲಿ' ಮೊಳೆತದ್ದು ಹೆಗ್ಗಡದೇವನಕೋಟೆಯಲ್ಲಿ. ಆಂಧ್ರದ ಋಷಿವ್ಯಾಲಿಯ ಹಳ್ಳಿಶಾಲೆಗಳ ಪದ್ಧತಿಯನ್ನು ನೋಡಿ ಬಂದ ಶಿಕ್ಷಕರು ಕಾರ್ಡುಗಳನ್ನು ತಾವೇ ಬರೆದು, ಕತ್ತರಿಸಿ, ಮಕ್ಕಳ ಮುಂದಿಟ್ಟು ನೋಡಿ ಕಟ್ಟಿದ ಕ್ರಮ ಅದು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅಂಗನವಾಡಿಯ ಟೀಚರಿಗಂತೂ ಮೈತುಂಬ ಕೆಲಸ. ತೂಕ ನೋಡಬೇಕು, ಊಟ ಹಾಕಿಸಬೇಕು, ಬಸುರಿ ಬಾಣಂತಿಯರ ಲೆಕ್ಕ ಬರೆಯಬೇಕು, ಸಮೀಕ್ಷೆಗೆ ಓಡಬೇಕು. ಇಷ್ಟರ ನಡುವೆಯೂ ಮಕ್ಕಳಿಗೆ ಊಟ ಬಡಿಸುತ್ತ ‘ಮೊಟ್ಟೆ ಒಳಗೆ ಯಾವ ಬಣ್ಣ ಇದೆ? ಹೊರಗೆ?’ ಎಂದು ಮಾತು ತೆಗೆಯುವ ಟೀಚರನ್ನು ಕಂಡಿದ್ದೇನೆ. ಮೂರು ವರ್ಷದ ಮಕ್ಕಳು ಒಳಗೆ, ಹೊರಗೆ, ಹಳದಿ, ಬಿಳಿ ಎಂದು ಕಿರುಚುತ್ತ ಊಟ ಮಾಡುತ್ತಿದ್ದವು. ಮಗುವಿನ ಮೊದಲ ಓದಿನ ಟೀಚರು ಇವರೇ. ಇವರ ಲೆಕ್ಕಪುಸ್ತಕಗಳ ಹೊರೆ ಇಳಿಸಿ, ಮಕ್ಕಳೊಡನೆ ಮಾತಾಡುವ ಹೊತ್ತನ್ನು ಹೆಚ್ಚಿಸಿದರೆ ನಾಡಿಗೆ ಅದಕ್ಕಿಂತ ದೊಡ್ಡ ಶಿಕ್ಷಣ ಸುಧಾರಣೆ ಬೇರೆ ಬೇಕಿಲ್ಲ ಎನ್ನುವಷ್ಟು ನಂಬಿಕೆ ನನಗೆ.

ಹಳ್ಳಿಗಳಲ್ಲಿ ಇನ್ನೊಂದು ಒಳ್ಳೆಯದು ನಡೆದಿದೆ. 2020ರಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳುವ ಕೆಲಸ ಶುರುವಾಯಿತು. ಬೀಗ ಹಾಕಿದ ಕಪಾಟು, ಹಳೆಯ ಪತ್ರಿಕೆ, ನಾಲ್ಕು ಮಂದಿ ಗಂಡಸರು ಎಂಬಂತಿದ್ದ ಎಷ್ಟೋ ಕೋಣೆಗಳ ಗೋಡೆಗೆ ಬಣ್ಣ ಬಂತು, ನೆಲಕ್ಕೆ ಚಾಪೆ ಬಂತು, ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಪುಸ್ತಕ ಬಂತು. ಅಣ್ಣನ ಹಿಂದೆ ಬಂದ ಮೂರು ವರ್ಷದ ತಂಗಿ ಪುಸ್ತಕವನ್ನು ತಲೆಕೆಳಗು ಹಿಡಿದು ಗಂಭೀರವಾಗಿ ಏನೋ ಹೇಳಿಕೊಳ್ಳುವುದನ್ನು ಇಂಥ ಒಂದು ಕೋಣೆಯಲ್ಲಿ ನೋಡಿದೆ. ಅವಳ ಬಾಯಲ್ಲಿ ಕತೆಯಿತ್ತು, ಪುಟ ತಿರುಗಿಸಬೇಕೆಂಬುದು ಗೊತ್ತಿತ್ತು, ಅಣ್ಣನ ಓದಿನ ಏರಿಳಿತವೂ ಅವಳ ದನಿಗೆ ಬಂದಿತ್ತು. ಅಕ್ಷರವೊಂದು ಬಾಕಿ. ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವೂ ತಿಳಿದು ಓದುವಂತಾಗಬೇಕು ಎಂದು 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಗುರಿ ಇಟ್ಟುಕೊಂಡಿದೆ. ತಿಳಿದು ಓದುವುದು ಎಂಬ ಮಾತಿನಲ್ಲಿ ‘ತಿಳಿದು’ ಎಂಬುದು ಮನೆಯಲ್ಲಿ, ಅಂಗನವಾಡಿಯಲ್ಲಿ, ಇಂಥ ಚಾಪೆಯ ಮೇಲೆ ಸಿದ್ಧವಾಗಬೇಕಾದದ್ದು.

ನಮ್ಮಲ್ಲೊಂದು ಹಳೆಯ ರೂಢಿಯಿದೆ. ಮನೆಗೆ ನೆಂಟರು ಬಂದ ಕೂಡಲೇ ಮಗುವನ್ನು ನಡುಮನೆಯಲ್ಲಿ ನಿಲ್ಲಿಸಿ ‘ಮಾವಂಗೆ ಅಆಇಈ ಹೇಳು ಪುಟ್ಟಾ’ ಎನ್ನುತ್ತೇವೆ. ಈಗ ಎಬಿಸಿಡಿಯೂ ಸೇರಿದೆ. ಮಗು ಒಪ್ಪಿಸುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ, ಎರಡೇ ನಿಮಿಷದಲ್ಲಿ ಎಲ್ಲ ಮುಗಿದು ದೊಡ್ಡವರು ತಮ್ಮ ಮಾತಿಗೆ ಮರಳುತ್ತಾರೆ. ನೆಂಟರಾಗಿ ಹೋಗುವವರಲ್ಲಿ ನನ್ನದೊಂದು ವಿನಂತಿ. ಬಿಸ್ಕತ್ತಿನ ಪೊಟ್ಟಣದ ಜೊತೆಗೆ ಒಂದು ಚಿತ್ರಪುಸ್ತಕ ಒಯ್ಯಿರಿ. ಎಷ್ಟು ಅಕ್ಷರ ಬರುತ್ತದೆ ಎಂದು ಕೇಳಬೇಡಿ. ‘ಇವತ್ತು ಏನೇನಾಯ್ತು ಹೇಳು’ ಎಂದು ಕೇಳಿ. ಮಗು ಮೊದಲು ಅಮ್ಮನ ಸೆರಗು ಹಿಡಿಯುತ್ತದೆ, ಆಮೇಲೆ ಒಂದು ಪದ ಹೇಳುತ್ತದೆ, ಆಮೇಲೆ ನಿಲ್ಲಿಸುವುದೇ ಇಲ್ಲ. ಮೊದಲಿನದು ಕೊನೆಗೆ ಬರುತ್ತದೆ, ನಾಯಿ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ, ನಿನ್ನೆಯದೂ ಇವತ್ತಿನದೂ ಕಲಸಿರುತ್ತದೆ. ತಿದ್ದಬೇಡಿ. ‘ಆಮೇಲೆ?’ ಎನ್ನಿ. ಕಾಫಿ ಆರಿದರೂ ಪರವಾಗಿಲ್ಲ, ಪೂರ್ತಿ ಕೇಳಿ.